ಕೈಗೆಟಕುವ ಬೆಟ್ಟದ ಚಿತ್ರ

ಬಾದಾಮಿಯ ಕೆಂಪು ಬಂಡೆಗಳನ್ನು ನೋಡಲು ಚಾರಣ ಬೇಕಿಲ್ಲ. ಊರಿನ ಓಣಿ ಮುಗಿಯುವಲ್ಲೇ ಅಗಸ್ತ್ಯ ತೀರ್ಥವೆಂಬ ಹೊಂಡ, ಅದರ ಎರಡೂ ಬದಿಗೆ ಮರಳುಗಲ್ಲಿನ ಕಡಿದಾದ ಗೋಡೆ, ಪೂರ್ವದ ತುದಿಗೆ ಭೂತನಾಥ ದೇಗುಲ. ಇಷ್ಟು ಸುಲಭವಾಗಿ ಸಿಗುವ, ಎಲ್ಲರೂ ತೆಗೆದ ಫೋಟೊಗೆ ಬೆಲೆಯೇನು ಎಂದು ಕೆಲವರು ಕೇಳುತ್ತಾರೆ. ಬೆಲೆ ಇರುವುದೇ ಆ ಸುಲಭದಲ್ಲಿ ಎಂಬುದು ನನ್ನ ವಾದ. ದೂರದ ಶಿಖರ ಏರಿದವರು ಅಂದು ಸಿಕ್ಕ ಬೆಳಕಿಗೇ ತೃಪ್ತರಾಗಬೇಕು. ಇಲ್ಲಿ ಕಾಯಬಹುದು, ಮತ್ತೆ ಬರಬಹುದು. ನಡುಹಗಲಿನಲ್ಲಿ ಮಂಕಾದ ಬಂಡೆ, ಪಡುವಣದ ಓರೆಬಿಸಿಲು ಬಿದ್ದಾಗ ಪದರ ಪದರವಾಗಿ, ಸೀಳು ಸೀಳಾಗಿ ತೆರೆದುಕೊಳ್ಳುತ್ತದೆ. ಮಳೆಗಾಲದ ಹೊಂಡದ ನೋಟ ಬೇರೆ, ಬೇಸಿಗೆಯದು ಬೇರೆ.

ಇನ್ನೊಂದು ಮಾತು: ಒಂದೇ ಜಾಗವನ್ನು ಮರಳಿ ಮರಳಿ ತೆಗೆದ ಚಿತ್ರವೇ ದಾಖಲೆಯಾಗುತ್ತದೆ. 1855ರಲ್ಲಿ ಛಾಯಾಗ್ರಾಹಕ ಥಾಮಸ್ ಬಿಗ್ಸ್ ಬಾದಾಮಿಯನ್ನೂ ಹುನಗುಂದ ಸೀಮೆಯ ಐಹೊಳೆಯನ್ನೂ ಕ್ಯಾಮೆರಾದಲ್ಲಿ ಹಿಡಿದರು. ಆ ಫೋಟೊಗಳ ಪಕ್ಕದಲ್ಲಿ ಇಂದಿನ ಚಿತ್ರವಿಟ್ಟರೆ ಬದಲಾದದ್ದು ಕಣ್ಣಿಗೆ ಕಟ್ಟುತ್ತದೆ. ಹಾಗೆಂದೇ ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರನ್ನೂ ಒಣಹಾಕಿದ ಇಳಕಲ್ ಸೀರೆಯನ್ನೂ ಚೌಕಟ್ಟಿನಿಂದ ಹೊರಗಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅವರಿದ್ದರೆ ಪ್ರಕೃತಿಯ ಚೆಲುವು ಕೆಡುತ್ತದೆ ಎನ್ನುವವರು ಬಾದಾಮಿಯ ಮೂರನೆಯ ಗುಹೆಯನ್ನು ನೆನೆಯಬೇಕು. 578ರ ಶಾಸನವುಳ್ಳ ಆ ಗುಹೆಯನ್ನು ಚಾಲುಕ್ಯರು ಕಡೆಸಿದ್ದು ನಿರ್ಜನ ಅಡವಿಯಲ್ಲಲ್ಲ, ತಮ್ಮ ರಾಜಧಾನಿಯ ಬೆಟ್ಟದಲ್ಲೇ. ಜನರ ಒಪ್ಪಿಗೆ ಕೇಳಿ, ಶಿಲ್ಪಗಳನ್ನು ಮುಟ್ಟದೆ ತೆಗೆದ ಚಿತ್ರದಲ್ಲಿ ಬಂಡೆ, ನೀರು, ಊರು ಮೂರೂ ಇರಲಿ.