ಹಲ್ಲಿನ ತಾತ್ಕಾಲಿಕ ಸಿಮೆಂಟು

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ. ಹಲ್ಲುನೋವು ಅನುಭವಿಸಿ, ಆಮೇಲೆ ಓದಿ, ಕೇಳಿ ತಿಳಿದುಕೊಂಡವರು. ಆ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇವೆ.

ಹುಳುಕು ಹಲ್ಲನ್ನು ಕೊರೆದು ದಂತವೈದ್ಯರು ಮೊದಲ ದಿನ ತುಂಬುವುದು ಅನೇಕ ಸಲ ತಾತ್ಕಾಲಿಕ ಸಿಮೆಂಟು. ಅದರಲ್ಲಿ ಸಾಮಾನ್ಯವಾಗಿ ಇರುವ ಮುಖ್ಯ ವಸ್ತುಗಳು ಎರಡು: ಸತುವಿನ ಆಕ್ಸೈಡಿನ ಬಿಳಿ ಪುಡಿ, ಲವಂಗದೆಣ್ಣೆಯ ಸಾರವಾದ ಯೂಜಿನಾಲ್. ನಮ್ಮ ಅಜ್ಜಿಯರು ನೋಯುವ ಹಲ್ಲಿಗೆ ಲವಂಗ ಇಡಿಸುತ್ತಿದ್ದರಲ್ಲವೆ? ಅದೇ ಗುಣ ಇಲ್ಲಿಯೂ ನೋವನ್ನು ಶಮನ ಮಾಡುತ್ತದೆ. ಆದರೆ ನೋವು ಹೋದ ಮಾತ್ರಕ್ಕೆ ಚಿಕಿತ್ಸೆ ಮುಗಿಯಲಿಲ್ಲ.

ಕಟ್ಟಡದ ಸಿಮೆಂಟು ನೀರು ಕುಡಿದಂತೆ ಬಲಿಯುವುದನ್ನು ತಮ್ಮಲ್ಲಿ ಅನೇಕರು ಕೆಲಸದ ಜಾಗದಲ್ಲೇ ಕಂಡಿದ್ದೀರಿ. ಇದರ ರೀತಿ ಬೇರೆ. ಗಟ್ಟಿಯಾಗಲು ಇದಕ್ಕೂ ತುಸು ತೇವ ಬೇಕು. ಬಾಯಿಯ ತೇವ ಮತ್ತು ಬಿಸಿಯಿಂದ ಬೇಗ ಗಟ್ಟಿಯಾಗುತ್ತದೆ. ಮುಂದೆ ಅದೇ ತೇವ ಇದಕ್ಕೆ ಶತ್ರು. ಎಂಜಲಿನ ನೀರು ಸತು ಮತ್ತು ಯೂಜಿನಾಲಿನ ಬಂಧವನ್ನು ಮೆಲ್ಲಗೆ ಬಿಡಿಸುತ್ತದೆ. ಯೂಜಿನಾಲ್ ಸೋರಿಹೋಗುತ್ತದೆ, ಮೇಲ್ಮೈ ಸವೆಯುತ್ತದೆ, ಅಂಚು ಬಿಡುತ್ತದೆ. ಕನ್ನಡಿಯಲ್ಲಿ ಹಲ್ಲು ತುಂಬಿದಂತೆಯೇ ಕಾಣುತ್ತದೆ. ಒಳಗೆ ಹುಳುಕು ಮತ್ತೆ ಹಬ್ಬುತ್ತಿರುತ್ತದೆ.

ಇದು ಕಳಪೆ ಮಾಲೆಂದು ತಿಳಿಯಬಾರದು. ಮುಂದೆ ಹಲ್ಲಿಗೆ ಪೆಟ್ಟಾಗದಂತೆ ತೆಗೆಯಲು ಬರಲೆಂದೇ ಇದನ್ನು ಮೆದುವಾಗಿ ಮಾಡಿರುತ್ತಾರೆ. 1972ರಲ್ಲಿ ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಪ್ರಕಟಿಸಿದ ಗ್ಲಾಸ್ ಅಯೊನೊಮರ್ ಸಿಮೆಂಟಾದರೋ ಹಾಕಿದ ಮೇಲೂ ವಾರಗಟ್ಟಲೆ ಬಲಗೊಳ್ಳುತ್ತ ಹೋಗುತ್ತದೆ. ಒಂದು ದಿನ ಕಳೆದಂತೆ ಬಲಿಯುವುದು, ಇನ್ನೊಂದು ದಿನ ಕಳೆದಂತೆ ಸೋಲುವುದು. ನಮ್ಮ ಬಾಯಲ್ಲಿರುವುದು ಯಾವುದೆಂದು ತಿಳಿದಿರಬೇಕು.

ನಮಗೆ ಎರಡು ವಾರ ಬಿಟ್ಟು ಬರಹೇಳಿದ್ದರು. ನೋವಿಲ್ಲ, ಒಂದು ದಿನದ ಪಗಾರ ಯಾಕೆ ಕಳೆಯಬೇಕೆಂದು ಐದು ತಿಂಗಳು ತಳ್ಳಿದೆವು. ಒಂದು ರಾತ್ರಿ ಕಟಕ ರೊಟ್ಟಿ ಕಡಿಯುವಾಗ ಸಿಮೆಂಟು ಕಳಚಿಬಿತ್ತು. ಹಲ್ಲನ್ನೇ ಕೀಳಿಸಬೇಕಾಯಿತು. ತಪ್ಪು ನಮ್ಮದೇ. ಉಳಿಸಿದ್ದು ಒಂದು ದಿನದ ಪಗಾರ, ಕಳೆದದ್ದು ದವಡೆಯ ಹಲ್ಲು.

ಆದ್ದರಿಂದ ಕುರ್ಚಿಯಿಂದ ಏಳುವ ಮೊದಲು ಎರಡು ಪ್ರಶ್ನೆ ಕೇಳಿರಿ: “ಇದು ತಾತ್ಕಾಲಿಕವೋ, ಕಾಯಮ್ಮೋ? ಮತ್ತೆ ಯಾವಾಗ ಬರಬೇಕು?” ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಜಾತ್ರೆಗೆ ಊರಿಗೆ ಹೋದರೂ, ಕೆಲಸದ ಜಾಗ ಬದಲಾದರೂ ಆ ಚೀಟಿಯನ್ನು ಅಲ್ಲಿಯ ದಂತವೈದ್ಯರಿಗೆ ತೋರಿಸಬಹುದು. ಖರ್ಚಿನ ಚಿಂತೆಯಿದ್ದವರು ದಂತ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಪುಣೆಯಲ್ಲಿ ಧನಕವಡಿಯಲ್ಲಿ ಒಂದಿದೆ, ಪಿಂಪರಿಯಲ್ಲಿ ಒಂದಿದೆ. ಕಲಿಸುವ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ.