ಕಾಡನ್ನು ಓದುವ ವಿದ್ಯೆ ನಮ್ಮ ಮಕ್ಕಳಿಗೆ ಬೇಡವೇ?

(ಚಿತ್ರದುರ್ಗ ಸಮೀಪದ ಮದಕರಿಪುರದಲ್ಲಿ ವಿದ್ಯಾರ್ಥಿಗಳ ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪಿಯುಸಿ ಫಲಿತಾಂಶ ಬಂದ ಮನೆಗಳಲ್ಲಿ ಈಗ ಒಂದೇ ಚರ್ಚೆ. ವೈದ್ಯಕೀಯವೋ, ಇಂಜಿನಿಯರಿಂಗೋ? ಎರಡೂ ಸಿಗದಿದ್ದರೆ ಫಾರ್ಮಸಿ. ಅದೂ ಇಲ್ಲವೆಂದಾದರೆ ಗಲ್ಫ್ ಅಥವಾ ತಂದೆಯ ಅಂಗಡಿ. ಈ ಸಭೆ ಆರಂಭವಾಗುವ ಮೊದಲು ಒಬ್ಬ ತಂದೆ ನನ್ನನ್ನು ಬದಿಗೆ ಕರೆದು ಕೇಳಿದರು: "ನನ್ನ ಮಗಳು ಪ್ರಾಣಿ, ಪಕ್ಷಿ, ಕಾಡು ಇವುಗಳ ಬಗ್ಗೆ ಓದುತ್ತೇನೆ ಎನ್ನುತ್ತಾಳೆ ಸಾರ್. ಅದನ್ನು ಓದಿ ಏನು ಮಾಡುತ್ತಾಳೆ?" ಆ ಪ್ರಶ್ನೆಯಲ್ಲಿ ತಿರಸ್ಕಾರವಿರಲಿಲ್ಲ, ಆತಂಕವಿತ್ತು. ನನ್ನ ಇಂದಿನ ಮಾತು ಆ ತಂದೆಗೆ ಕೊಡುವ ಉತ್ತರ.

ಇಂತಹದೇ ಆತಂಕ ನೂರು ವರ್ಷಗಳ ಹಿಂದೆ ಮುಂಬೈಯ ಒಂದು ಮುಸ್ಲಿಮ್ ಮನೆಯಲ್ಲೂ ಇದ್ದಿರಬೇಕು. 1896ರಲ್ಲಿ ಹುಟ್ಟಿದ ಸಲೀಂ ಅಲಿ ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಪಕ್ಷಿತಜ್ಞನ ಸರಕಾರಿ ಹುದ್ದೆ ಕೈತಪ್ಪಿತು. ಮುಂಬೈಯ ವಸ್ತು ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ರಜೆ ಹಾಕಿ ಜರ್ಮನಿಗೆ ಹೋಗಿ ಎರ್ವಿನ್ ಸ್ಟ್ರೆಸೆಮನ್ ಬಳಿ ಕಲಿತು 1930ರಲ್ಲಿ ಮರಳಿದಾಗ, ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ಅವರು ಪತ್ನಿ ತೆಹ್ಮಿನಾರೊಂದಿಗೆ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ಗೀಜಗನ ಗೂಡುಗಳನ್ನು ನೋಡುತ್ತಾ ಕುಳಿತರು. ಪತಿಯ ಈ 'ಹುಚ್ಚಿ'ಗೆ ಆಕೆ ಹೆಗಲು ಕೊಟ್ಟರು. 1939ರಲ್ಲಿ ಆಕೆ ತೀರಿಕೊಂಡರು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಮಾಡಿದವರು ಇದೇ ಸಲೀಂ ಅಲಿ. ಮುಂದೆ ರಿಪ್ಲೆಯವರೊಂದಿಗೆ ಅವರು ಬರೆದ, ಭಾರತ ಉಪಖಂಡದ ಪಕ್ಷಿಗಳ ಹತ್ತು ಸಂಪುಟಗಳ ಕೃತಿ ಜಗತ್ತಿನಲ್ಲೇ ಹೆಸರು ಗಳಿಸಿತು. 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸದಸ್ಯತ್ವ ಅವರಿಗೆ ದೊರೆಯಿತು.

ಆದರೆ ಪ್ರಶಸ್ತಿಗಳ ಪಟ್ಟಿ ಓದುವುದಕ್ಕಾಗಿ ನಾನಿಲ್ಲಿಗೆ ಬಂದಿಲ್ಲ. ಈ ವಿದ್ಯೆಯ ಹೊಣೆ ಎಂತಹದು ಎಂಬುದಕ್ಕೆ ಅದೇ ಮಹನೀಯರ ಬದುಕಿನಿಂದ ಇನ್ನೊಂದು ಘಟನೆಯನ್ನು ಹೇಳಬೇಕಾಗಿದೆ.

ರಾಜಸ್ಥಾನದ ಭರತಪುರದ ಪಕ್ಷಿಧಾಮದೊಳಗೆ ದನ, ಎಮ್ಮೆಗಳು ಮೇಯುವುದನ್ನು ನಿಲ್ಲಿಸಬೇಕೆಂಬುದು ಸಲೀಂ ಅಲಿಯವರ ಅಭಿಪ್ರಾಯವಾಗಿತ್ತು. 1982ರಲ್ಲಿ ಸರಕಾರ ಮೇವು ನಿಷೇಧಿಸಿತು. ಸುತ್ತಲಿನ ಹಳ್ಳಿಯವರು ಪ್ರತಿಭಟಿಸಿದರು. ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಮುಂದೇನಾಯಿತು? ಎಮ್ಮೆಗಳು ಹೋದ ಮೇಲೆ ಹುಲ್ಲು ನೀರಿನ ಮೇಲೆಲ್ಲಾ ಹಬ್ಬಿಕೊಂಡಿತು. ಮೀನುಗಳಿಗೂ ನೀರುಹಕ್ಕಿಗಳಿಗೂ ಜಾಗವಿಲ್ಲದಾಯಿತು. ಸಲೀಂ ಅಲಿಯವರು ತಮ್ಮ ಬದುಕನ್ನೇ ಮುಡಿಪಾಗಿಟ್ಟ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೇ ನಡೆಸಿದ ಸುದೀರ್ಘ ಅಧ್ಯಯನ, ಮೇವಿನ ನಿಷೇಧದಿಂದ ಆ ಜೌಗು ಪ್ರದೇಶಕ್ಕೆ ಹಾನಿಯಾಗಿದೆ ಎಂದು ಹೇಳಿತು. ಅಷ್ಟರಲ್ಲಿ ಸಲೀಂ ಅಲಿ ನಿಧನರಾಗಿದ್ದರು. ಹಕ್ಕಿಗಳ ಬಗ್ಗೆ ಅಷ್ಟು ತಿಳಿದವರಿಗೆ ತಿಳಿಯದ ಒಂದು ಸಂಗತಿ ಎಮ್ಮೆ ಕಾಯುವವನ ಅನುಭವದಲ್ಲಿತ್ತು. ಅವನನ್ನು ಯಾರೂ ಕೇಳಲಿಲ್ಲ.

ಜ್ಞಾನ ಒಂದು ಅಮಾನತ್ ಎನ್ನುತ್ತೇವೆ. ವಿದ್ವಾಂಸನ ಒಂದು ಸಾಲು ಸರಕಾರದ ಆದೇಶವಾದಾಗ ಅದರ ಕೆಳಗೆ ಮನುಷ್ಯರ ಬದುಕಿರುತ್ತದೆ. ಆದರೆ ತಪ್ಪನ್ನು ತಿದ್ದಿದ್ದೂ ಅದೇ ವಿದ್ಯೆಯೇ ಎಂಬುದನ್ನು ಮರೆಯಬಾರದು. ಹಿರಿಯರು ಹೇಳಿದ್ದೆಂದು ಸುಮ್ಮನಿರದೆ, ವರ್ಷಗಟ್ಟಲೆ ಅಳೆದು, ಎಣಿಸಿ, ಸತ್ಯವನ್ನು ಹೇಳುವ ಪ್ರಾಮಾಣಿಕತೆಯೇ ವಿಜ್ಞಾನ.

ಜನರನ್ನು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರ್ನಾಟಕದಲ್ಲೇ ಉದಾಹರಣೆಯಿದೆ. ಪುಣೆಯ ಹುಡುಗನೊಬ್ಬ ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಹಕ್ಕಿಯ ಬಾಲದ ಬಗ್ಗೆ ಸಂಶಯ ಬಂದು ಸಲೀಂ ಅಲಿಯವರಿಗೆ ಪತ್ರ ಬರೆದ. ಅವರು ಉತ್ತರಿಸಿದರು. ಆ ಹುಡುಗನೇ ಮಾಧವ ಗಾಡ್ಗೀಳ್. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಅವರು ಅಲ್ಲೇ ಉಳಿಯದೆ, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಮುಂದೆ ಅಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು.

1975ರಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದ ಎಂ.ವೈ. ಘೋರ್ಪಡೆಯವರು ಅವರಿಗೆ ಒಂದು ಕೆಲಸ ವಹಿಸಿದರು. ರಾಜ್ಯದ ಬಿದಿರು ಯಾಕೆ ನಾಶವಾಗುತ್ತಿದೆ? ಬುಟ್ಟಿ ಹೆಣೆಯುವ ಮೇದಾರರು ಬಿದಿರಿಲ್ಲದೆ ಬೀದಿಗೆ ಬಂದಿದ್ದರು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಟನ್ನಿಗೆ ಕೇವಲ ಒಂದೂವರೆ ರೂಪಾಯಿಯ ದರದಲ್ಲಿ ಸಿಕ್ಕಿತ್ತು. ಮೇದಾರನು ಮಾರುಕಟ್ಟೆಯಲ್ಲಿ ತೆರಬೇಕಾಗಿದ್ದುದು ಅದರ ನೂರಾರು ಪಟ್ಟು. ಹಳ್ಳಿಯವರ ದನಗಳೇ ಬಿದಿರನ್ನು ಹಾಳು ಮಾಡುತ್ತಿವೆ ಎಂಬುದು ಮೇಲಿನವರ ವಾದ. ಗಾಡ್ಗೀಳರು ಕಾಡಿಗೆ ಹೋಗಿ ನೋಡಿದರು, ಹಳ್ಳಿಯವರ ಮಾತು ಕೇಳಿದರು. ಕಡಿಯಲು ಸುಲಭವಾಗಲೆಂದು ಕಾರ್ಖಾನೆಯ ಕಡೆಯವರು ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರುತ್ತಿದ್ದರು. ಆ ಮುಳ್ಳೇ ಎಳೆಯ ಕಳಲೆಗೆ ಕಾವಲು. ಅದು ಹೋದ ಮೇಲೆ ಕಳಲೆ ಪ್ರಾಣಿಗಳ ಬಾಯಿಗೆ ಸುಲಭ ತುತ್ತಾಯಿತು. ಹಳ್ಳಿಯವರು ಹೇಳಿದ್ದೇ ನಿಜವಾಗಿತ್ತು.

ಅಲ್ಲಿಂದ ಅವರ ದಾರಿ ಆಡಳಿತ ನೀತಿಯ ಕಡೆಗೂ ಹೊರಳಿತು. 2002ರ ಜೀವವೈವಿಧ್ಯ ಕಾಯ್ದೆಯ ರಚನೆಯಲ್ಲಿ ಪಾಲುಗೊಂಡರು. 2010ರಲ್ಲಿ ನೇಮಕವಾದ ಪಶ್ಚಿಮ ಘಟ್ಟಗಳ ತಜ್ಞರ ಸಮಿತಿಯ ಅಧ್ಯಕ್ಷರಾಗಿ 2011ರಲ್ಲಿ ವರದಿ ಕೊಟ್ಟರು. ಯಾವುದನ್ನು ಉಳಿಸಬೇಕು, ಯಾವುದಕ್ಕೆ ಅನುಮತಿ ಕೊಡಬೇಕು ಎಂಬುದರಲ್ಲಿ ಗ್ರಾಮಸಭೆಯ ಮಾತು ನಡೆಯಬೇಕು ಎಂಬುದು ಅದರ ತಿರುಳು. ಗಣಿ, ಕ್ವಾರಿಗಳ ಹಿಂದಿನ ಶಕ್ತಿಗಳಿಗೆ ಅದು ಹಿಡಿಸಲಿಲ್ಲ. ಸರಕಾರಗಳು ವರದಿಯನ್ನು ಬದಿಗೆ ಸರಿಸಿದವು. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಅದೇ ತಿಂಗಳ ಕೊನೆಯಲ್ಲಿ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದಾಗ, ಆ ವರದಿ ಎಲ್ಲರಿಗೂ ಮತ್ತೆ ನೆನಪಾಯಿತು. ಹೆಣಗಳನ್ನು ಎಣಿಸುವಾಗ ವರದಿ ನೆನಪಾಗಿ ಪ್ರಯೋಜನವೇನು?

ಸಹೋದರರೇ, ಇದೆಲ್ಲ ಎಲ್ಲೋ ಮಲೆನಾಡಿನ ಮಾತು, ನಮ್ಮ ಬಯಲುಸೀಮೆಗೆ ಸಂಬಂಧವಿಲ್ಲ ಎಂದು ಭಾವಿಸಬೇಡಿ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳನ್ನು ನೋಡಿ. ಹೊಗೆಯಿಲ್ಲದ ವಿದ್ಯುತ್ ಒಳ್ಳೆಯದೇ. ಆದರೆ ಸಾತಾರ ಬಳಿಯ ಚಾಳಕೆವಾಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಳಿಯಂತ್ರಗಳಿದ್ದಲ್ಲಿ ಹದ್ದು, ಗಿಡುಗಗಳಂತಹ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಅವು ಇಲ್ಲದ್ದರಿಂದ ಅಲ್ಲಿ ಹಲ್ಲಿಯ ಜಾತಿಯ ಓತಿಗಳು ಹೆಚ್ಚಿದವು. ಹಾಗಿದ್ದರೆ ನಮ್ಮ ಗುಡ್ಡಗಳಲ್ಲಿ ಏನಾಗಿದೆ? ಇದನ್ನು ತಿಳಿಯಲು ಗುಡ್ಡ ಹತ್ತುವ ಕಾಲುಗಳು ಬೇಕು.

ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲುಗಳ ಕಥೆ ನಿಮಗೆ ಗೊತ್ತಿದೆ. 2007ರ ನಂತರದ ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಹುಲ್ಲುಗಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಕಂದಾಯದ ಕಣ್ಣಿಗೆ ಅದು ಖಾಲಿ ಜಮೀನು. ಕುರಿಗಾಹಿಗೆ ಅದು ಹೊಟ್ಟೆಪಾಡು, ಹುಲ್ಲುಗಾವಲಿನ ಹಕ್ಕಿಗಳಿಗೆ ಅದು ಮನೆ. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಭರತಪುರದ ಪ್ರಶ್ನೆಯೇ ಇಲ್ಲೂ ಎದ್ದುನಿಂತಿತು: ಅಲ್ಲಿ ಬದುಕುವವನನ್ನು ಯಾರು ಕೇಳಿದರು?

ಈಗ ಆ ತಂದೆಯ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಈ ದಾರಿ ಉದ್ದವಾದುದು. ಬಿ.ಎಸ್ಸಿ., ಎಂ.ಎಸ್ಸಿ., ಪಿ.ಎಚ್.ಡಿ. ಎಂದು ಮೂವತ್ತರ ಸಮೀಪಕ್ಕೆ ಹೋಗುತ್ತದೆ. ಹುದ್ದೆಗಳು ಕಡಿಮೆ. ಮಗಳು ದೊಡ್ಡ ಸಂಬಳ ತರುತ್ತಾಳೆಂದು ನಾನು ಭರವಸೆ ಕೊಡಲಾರೆ. ಆದರೆ ದಾರಿ ಮುಚ್ಚಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಭಾಗವಿದೆ. ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಬೆಂಗಳೂರಿನಲ್ಲಿ ಕಮಲ್‌ಜಿತ್ ಬಾವಾ ಅವರು 1996ರಲ್ಲಿ ಸ್ಥಾಪಿಸಿದ ಏಟ್ರೀ ಸಂಸ್ಥೆಯಲ್ಲಿ ಸಂರಕ್ಷಣೆ ಮತ್ತು ಸುಸ್ಥಿರತೆಯ ವಿಷಯದಲ್ಲಿ ಸಂಶೋಧನೆ ನಡೆಯುತ್ತದೆ. ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ ಪಡೆದವರಿಗೆ ಸಂಶೋಧನೆಯ ಅವಧಿಯಲ್ಲಿ ಮಾಸಿಕ ವೇತನವಿದೆ. ತಂದೆ ಜಮೀನು ಮಾರಬೇಕಾಗಿಲ್ಲ, ಡೊನೇಶನ್ ಕೊಡಬೇಕಾಗಿಲ್ಲ.

ಹೆಣ್ಣು ಮಗಳು ಕಾಡಿಗೆ ಹೋಗುವುದೇ ಎಂಬ ಸಂಶಯವಿದ್ದರೆ ಜಮಾಲ್ ಆರಾ ಅವರನ್ನು ನೆನೆಯಿರಿ. 1923ರಲ್ಲಿ ಬಿಹಾರದಲ್ಲಿ ಹುಟ್ಟಿ, ಹತ್ತನೆಯ ತರಗತಿಯವರೆಗೆ ಮಾತ್ರ ಓದಿದ್ದ ಆ ಮುಸ್ಲಿಮ್ ಮಹಿಳೆ ಛೋಟಾ ನಾಗಪುರದ ಕಾಡುಗಳಲ್ಲಿ ಹಕ್ಕಿಗಳನ್ನು ಅಭ್ಯಸಿಸಿ ಹತ್ತಾರು ಲೇಖನಗಳನ್ನು ಬರೆದರು. 1970ರಲ್ಲಿ ಮಕ್ಕಳಿಗಾಗಿ ಅವರು ಬರೆದ ಪಕ್ಷಿ ವೀಕ್ಷಣೆಯ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿತು. ಆಗ ದಾರಿಯೇ ಇರಲಿಲ್ಲ, ಆಕೆ ನಡೆದರು. ಈಗ ದಾರಿಯಿದೆ, ನಾವು ತಡೆಯುತ್ತಿದ್ದೇವೆ.

ಎಲ್ಲರೂ ವಿಜ್ಞಾನಿಗಳಾಗಬೇಕೆಂದಿಲ್ಲ. 2002ರ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಕೆರೆ, ಜಾನುವಾರು, ಔಷಧ ಸಸ್ಯಗಳ ದಾಖಲೆ ಬರೆಯಬೇಕು. ನಿಮ್ಮ ಪಂಚಾಯತಿಗೆ ಹೋಗಿ ಆ ದಾಖಲೆ ತೋರಿಸಿ ಎಂದು ಕೇಳಿ. ನಿಮ್ಮ ಅಜ್ಜ ಅಜ್ಜಿಗೆ ಗೊತ್ತಿದ್ದ ಹೆಸರುಗಳು ಅದರಲ್ಲಿ ಇವೆಯೇ ಎಂದು ನೋಡಿ. ಇಲ್ಲವಾದರೆ ಬರೆಸಿ.

ಕೊನೆಯದಾಗಿ ಆ ತಂದೆಗೆ ಒಂದು ಮಾತು. ನಿಮ್ಮ ಮಗಳು ಓದಿ ಏನು ಮಾಡುತ್ತಾಳೆ ಎಂದು ಕೇಳಿದಿರಿ. ನಾಳೆ ನಮ್ಮ ಗುಡ್ಡ, ಕಾವಲು, ಕೆರೆಗಳ ಭವಿಷ್ಯವನ್ನು ಯಾವುದೋ ಮೇಜಿನ ಮುಂದೆ ಕುಳಿತು ತೀರ್ಮಾನಿಸುವಾಗ, ಅಳೆದು ಎಣಿಸಿದ ಸತ್ಯವನ್ನು ಕೈಯಲ್ಲಿ ಹಿಡಿದು, "ಅಲ್ಲಿ ಬದುಕುವವರನ್ನು ಕೇಳಿದಿರಾ?" ಎಂದು ಕೇಳುವವರೊಬ್ಬರು ಅಲ್ಲಿರಬೇಕು. ಅದು ನಿಮ್ಮ ಮಗಳೇ ಯಾಕಾಗಬಾರದು? ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.