ವಿದ್ಯಾಕ್ಷೇತ್ರಗಳ ಜೀರ್ಣೋದ್ಧಾರವೂ ವಿಸ್ತರಣೆಯೂ



ಶ್ರೀಮಠದ ಪಾಠಶಾಲೆಗೂ ಗ್ರಂಥಭಂಡಾರಕ್ಕೂ ಹೊಸ ಅಂಕಣಗಳನ್ನು ಸೇರಿಸಬೇಕೆಂಬ ಆಲೋಚನೆ ನಡೆದಿರುವ ಈ ಸಂದರ್ಭದಲ್ಲಿ, ಹಳತಾದ ವಿದ್ಯಾಕ್ಷೇತ್ರವನ್ನು ಬೆಳೆಯಿಸುವ ಬಗೆಯನ್ನು ಕುರಿತು ಮಾತನಾಡುವಂತೆ ಅಪ್ಪಣೆಯಾಗಿದೆ. ಇದನ್ನು ವಾಸ್ತುಗ್ರಂಥಗಳಿಂದ ವಿವರಿಸುವುದಕ್ಕಿಂತ, ಬೆಂಗಳೂರಿನಲ್ಲಿಯೇ ಕಣ್ಣಾರೆ ಕಾಣಬಹುದಾದ ನಿದರ್ಶನದಿಂದ ತಿಳಿಸುವುದು ಲೇಸೆಂದು ಭಾವಿಸಿದ್ದೇನೆ.

ಜಯಪ್ರಕಾಶನಗರಕ್ಕೂ ಬಿ.ಟಿ.ಎಂ. ಬಡಾವಣೆಗೂ ಸಮೀಪದಲ್ಲಿ, ಬನ್ನೇರುಘಟ್ಟ ರಸ್ತೆಯ ಮಗ್ಗುಲಲ್ಲಿ, ಜನರು ಐ.ಐ.ಎಂ. ಎಂದು ಕರೆಯುವ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯು ಸುಮಾರು ೧೦೦ ಎಕರೆಗಳಲ್ಲಿ ಹರಡಿಕೊಂಡಿದೆ. ೧೯೭೩ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ೧೯೭೭ರಲ್ಲಿ ಬಾಲಕೃಷ್ಣ ದೋಶಿಯವರು ನಕ್ಷೆ ರಚಿಸತೊಡಗಿದರು. ೧೯೮೩ರ ಹೊತ್ತಿಗೆ ಮುಖ್ಯ ಕಟ್ಟಡಗಳು ಎದ್ದು ನಿಂತವು. ಅಲ್ಲಿ ದೂರದಿಂದ ನೋಡಿ ಬೆರಗಾಗತಕ್ಕ ಒಂದೇ ಒಂದು ಮಹಾಸೌಧವೆಂಬುದಿಲ್ಲ. ಇರುವುದು ಮೊಗಸಾಲೆಗಳು, ಅಂಗಳಗಳು, ಅವುಗಳ ಬದಿಗೆ ಜೋಡಿಸಿದ ಪಾಠದ ಕೋಣೆಗಳು. ಮೂರು ಅಂತಸ್ತಿನಷ್ಟು ಎತ್ತರದ ಮೊಗಸಾಲೆ ಒಂದೆಡೆ ಮುಚ್ಚಿದೆ, ಒಂದೆಡೆ ಆಕಾಶಕ್ಕೆ ತೆರೆದಿದೆ, ಮತ್ತೊಂದೆಡೆ ಬಳ್ಳಿ ಹಬ್ಬಿದ ಚಪ್ಪರವನ್ನು ಹೊತ್ತಿದೆ. ಗೋಡೆಗಳು ನಮ್ಮ ಸೀಮೆಯ ಬೂದುಬಣ್ಣದ ಒರಟು ಕಲ್ಲಿನವು. ಫತೇಪುರ ಸಿಕ್ರಿಯ ಅಂಗಳಗಳಿಂದ ಪ್ರೇರಣೆ ಪಡೆದುದಾಗಿ ದೋಶಿಯವರೇ ತಿಳಿಸಿದ್ದರು. ೨೦೦೯ರ ಒಂದು ಹಿಂದೀ ಚಲಚ್ಚಿತ್ರದಲ್ಲಿ ಇವನ್ನು ನೋಡಿದವರು ನಮ್ಮ ಶಿಷ್ಯರಲ್ಲಿ ಅನೇಕರಿದ್ದಾರೆ. ಹೋಗಿ ನೋಡಿದವರು ವಿರಳ!

ಇಂತಹ ರಚನೆಯ ಹಿರಿಮೆಯೇನೆಂದರೆ, ಅದು ಮುಗಿದುಹೋದ ಕೃತಿಯಲ್ಲ. ಓಣಿಯಿರುವ ಊರಿಗೆ ಹೊಸ ಮನೆ ಸೇರುವಂತೆ, ಮೊಗಸಾಲೆಯ ತುದಿಗೆ ಮತ್ತೊಂದು ಅಂಗಳವನ್ನು ಕೂಡಿಸಬಹುದು. ಹೊಸ ಭಾಗವು ಹಳೆಯದರ ಕಲ್ಲಿನ ಬಣ್ಣವನ್ನು ಅನುಕರಿಸಿದರೆ ಸಾಲದು; ನಡೆಯುವ ದಾರಿ, ಗಾಳಿಯ ದಾರಿ, ನೆರಳಿನ ಕ್ರಮ ಇವು ಮುಂದುವರಿಯಬೇಕು. ಬಣ್ಣ ಒಂದೇ ಆಗಿ ದಾರಿ ಕಡಿದುಹೋದ ಕಟ್ಟಡಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಬಣ್ಣ ಬೇರೆಯಾದರೂ ಹೊಂದಿಕೊಂಡ ದೃಷ್ಟಾಂತವೂ ಇದೇ ನಗರದಲ್ಲಿದೆ. ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ಮುಖ್ಯ ಕಟ್ಟಡವು ಗೋಪುರವುಳ್ಳ ಗಂಭೀರ ಶಿಲಾಸೌಧ. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಓಟೋ ಕೋನಿಗ್ಸ್‌ಬರ್ಗರರು ೧೯೪೦ರ ದಶಕದಲ್ಲಿ ಅದೇ ಆವರಣದಲ್ಲಿ ವಿಮಾನಶಾಸ್ತ್ರ ವಿಭಾಗವೇ ಮೊದಲಾದವುಗಳಿಗೆ ಕಟ್ಟಡಗಳನ್ನು ರಚಿಸಿದಾಗ ಗೋಪುರವನ್ನು ನಕಲು ಮಾಡಲಿಲ್ಲ. ತಗ್ಗಾದ, ಬಿಸಿಲುಮಳೆಗಳನ್ನು ತಡೆಯುವ ಸರಳ ಕಟ್ಟಡಗಳನ್ನೇ ಕಟ್ಟಿಸಿದರು.

ಇನ್ನು ಕಠಿನವಾದ ಮಾತಿಗೆ ಬರುತ್ತೇನೆ. ದೋಶಿಯವರು ತಾರುಣ್ಯದಲ್ಲಿ ಲೂಯಿ ಕಾಹನರ ಜೊತೆಗೂಡಿ ಅಹಮದಾಬಾದಿನಲ್ಲಿ ಇಂತಹುದೇ ಸಂಸ್ಥೆಗೆ ದುಡಿದಿದ್ದರು. ಆ ಇಟ್ಟಿಗೆಯ ಕಟ್ಟಡಗಳು ಜಗತ್ಪ್ರಸಿದ್ಧವಾದುವು. ಕಾಲಾಂತರದಲ್ಲಿ ನೀರು ಒಳಸೇರಿತು, ಒಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿದವು, ಇಟ್ಟಿಗೆ ಸೀಳಿತು. ಅಲ್ಲಿಯ ಗ್ರಂಥಾಲಯವನ್ನು ನಿಪುಣರು ದುರಸ್ತಿ ಮಾಡಿದುದಕ್ಕೆ ೨೦೧೯ರಲ್ಲಿ ಯುನೆಸ್ಕೋ ಪುರಸ್ಕಾರ ಬಂದಿತು. ಆದರೂ ೨೦೨೦ರ ಡಿಸೆಂಬರಿನಲ್ಲಿ ೧೮ ವಿದ್ಯಾರ್ಥಿನಿಲಯಗಳ ಪೈಕಿ ೧೪ನ್ನು ಕೆಡಹುವ ಆಲೋಚನೆ ಹೊರಬಿದ್ದಿತು. ದೇಶವಿದೇಶಗಳ ಆಕ್ಷೇಪಣೆಯಿಂದ ಮರುತಿಂಗಳೇ ಅದನ್ನು ಹಿಂತೆಗೆದುಕೊಂಡರು. ೨೦೨೨ರ ನವೆಂಬರಿನಲ್ಲಿ ದುರಸ್ತಿಯ ಮಾರ್ಗವನ್ನು ಬಿಟ್ಟು ಪುನರ್ನಿರ್ಮಾಣಕ್ಕೆ ತೊಡಗುವುದಾಗಿ ಪುನಃ ಪ್ರಕಟಿಸಿದರು. ವಾಸಿಸುವವರ ಪ್ರಾಣರಕ್ಷಣೆಯೂ ಕರ್ತವ್ಯವೇ ಆದುದರಿಂದ ಆ ಆಡಳಿತವನ್ನು ಸುಲಭವಾಗಿ ದೂಷಿಸಲಾಗದು. ಆದರೆ ತೇವವನ್ನು ಮೊದಲಲ್ಲಿಯೇ ತಡೆಯುವ ವೆಚ್ಚವೆಷ್ಟು, ಕೆಡಹಿ ಕಟ್ಟುವ ವೆಚ್ಚವೆಷ್ಟು?

ಮಹಾಶಯರೇ, ಇಲ್ಲಿ ಒಂದು ಲೋಕರೂಢಿಯನ್ನು ಹೇಳದೆ ಇರಲಾರೆ. ನೂತನ ಮಂದಿರಕ್ಕೆ ದಾನಿಗಳ ಹೆಸರಿನ ಶಿಲೆಯನ್ನು ನೆಡುತ್ತೇವೆ. ತಾರಸಿಯ ಬಿರುಕು ಮುಚ್ಚಿದವರ ಹೆಸರನ್ನು ಯಾವ ಶಿಲೆಯಲ್ಲಿಯೂ ಕೆತ್ತಿಸುವುದಿಲ್ಲ. ಆದ್ದರಿಂದ ಆ ಕೆಲಸಕ್ಕೆ ಹಣವೂ ಒದಗುವುದಿಲ್ಲ. ಐ.ಐ.ಎಂ. ಸಂಸ್ಥೆಗೆ ಆನೇಕಲ್ ತಾಲ್ಲೂಕಿನಲ್ಲಿ ಎರಡನೆಯ ವಿಶಾಲ ಆವರಣ ದೊರೆತಿದೆ. ನಮಗೆ ಅಂತಹ ಅನುಕೂಲವಿಲ್ಲ, ಇರುವ ಗೋಡೆಗಳ ನಡುವೆಯೇ ಬೆಳೆಯಬೇಕು.

ಆದಕಾರಣ ನನ್ನ ಬಿನ್ನಹವಿಷ್ಟೇ. ಹೊಸ ಅಂಕಣದ ನಕ್ಷೆಗೆ ಕೈಹಾಕುವ ಮೊದಲು ಒಂದು ಮಳೆಗಾಲ ಪೂರ್ತಿ ಪಾಠಶಾಲೆಯ ವಿದ್ಯಾರ್ಥಿಗಳು ನೀರು ಎಲ್ಲಿ ನಿಲ್ಲುತ್ತದೆ, ಯಾವ ತೊಲೆ ನೆನೆಯುತ್ತದೆ, ಯಾವ ಕಪಾಟಿನ ಓಲೆಗರಿಗಳಿಗೆ ತೇವ ತಗಲುತ್ತದೆ ಎಂಬುದನ್ನು ದಿನದಿನವೂ ಬರೆದಿಡಲಿ. ಆ ಪುಸ್ತಕವನ್ನು ಮುಂದಿಟ್ಟುಕೊಂಡು ವಾಸ್ತುಶಿಲ್ಪಿಗಳನ್ನು ಕರೆಯೋಣ. ಸಂಗ್ರಹವಾದ ಕಾಣಿಕೆಯಲ್ಲಿ ನಾಲ್ಕರಲ್ಲೊಂದು ಪಾಲನ್ನು ಹಳೆಯ ತಾರಸಿಗಾಗಿ ಬೇರೆಯಾಗಿ ಇರಿಸುವಂತೆ ಆಡಳಿತ ಮಂಡಳಿಯವರಲ್ಲಿ ಪ್ರಾರ್ಥಿಸುತ್ತೇನೆ.